ಜಮಾಬಂದಿ: ಲೆಕ್ಕ ಕೇಳೋರು ಯಾರು, ಕೊಡೋರು ಯಾರು?

ತಂಬ್ರಹಳ್ಳಿಯಿಂದ ಮಾತಾಡ್ತಿದ್ದೀನಿ. ಇವತ್ತು ಒಂದೇ ಒಂದು ಪದದ ಕಥೆ: ಜಮಾಬಂದಿ.

1800ರಲ್ಲಿ ನಿಜಾಮ ನಮ್ಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದ. ಅವನ ಹೆಸರಿಗೆ ಅಂಟಿಕೊಂಡ ರೈತವಾರಿ ಪದ್ಧತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ. ಯಾವ ರೈತ ಎಷ್ಟು ಕಂದಾಯ ಕಟ್ಟಬೇಕು ಅಂತ ಅಲ್ಲಿ ತೀರ್ಮಾನ. ಸರ್ಕಾರ ಲೆಕ್ಕ ಕೇಳೋದು, ಊರು ಒಪ್ಪಿಸೋದು.

ಈಗ ಅದೇ ಪದ ತಿರುಗಿ ನಿಂತಿದೆ. 1993ರ ಪಂಚಾಯತ್ ರಾಜ್ ಕಾಯ್ದೆ ಬಂತು, 2004ರಲ್ಲಿ ಜಮಾಬಂದಿ ನಿಯಮ ಬಂತು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಖರ್ಚಿನ ಕಡತ ಊರವರ ಮುಂದೆ ಬರಬೇಕು. ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡಬೇಕು. ಈಗ ಕೇಳೋರು ನಾವು.

ಆದರೆ ಏನು ಕೇಳ್ತೀವಿ? "ಹಣ ಪೂರ್ತಿ ಖರ್ಚಾಯ್ತಾ?" ಅಷ್ಟೇ. ಕಚೇರಿ ಭಾಷೆಯಲ್ಲಿ ಅದಕ್ಕೆ 'ಆರ್ಥಿಕ ಪ್ರಗತಿ' ಅಂತಾರೆ. ಬಿ.ಕಾಂ.ನಲ್ಲಿ ನಮಗೆ ಕಲಿಸಿದ್ದು ಬೇರೆ: ಖರ್ಚನ್ನು ಫಲದಿಂದ ಭಾಗಿಸು. ಸುಮ್ನೆ ಉದಾಹರಣೆಗೆ, ಎರಡು ಊರು ನೀರಿಗೆ ತಲಾ 6 ಲಕ್ಷ ಹಾಕಿದವು ಅನ್ನಿ. ಒಂದರಲ್ಲಿ 300 ದಿನ ನಲ್ಲಿ ಬಂತು, ಇನ್ನೊಂದರಲ್ಲಿ 100 ದಿನ. ಮೊದಲನೇದಕ್ಕೆ ದಿನಕ್ಕೆ 2,000 ರೂಪಾಯಿ, ಎರಡನೇದಕ್ಕೆ 6,000. ಕಡತದಲ್ಲಿ ಎರಡೂ ನೂರಕ್ಕೆ ನೂರು!

ಹಾಗಂತ ಎರಡನೇ ಊರನ್ನ ತಕ್ಷಣ ಬೈಯೋದೂ ತಪ್ಪು. ತುಂಗಭದ್ರಾ ಹಿನ್ನೀರಿನ ದಂಡೆಗೂ, ಕೂಡ್ಲಿಗಿ ಕಡೆ ಒಣ ಭೂಮಿಗೂ ಒಂದೇ ತಕ್ಕಡಿ ಆಗಲ್ಲ. ಸಮಾನ ನೆಲದ ಊರುಗಳನ್ನೇ ಹೋಲಿಸಬೇಕು, ಒಂದೇ ಊರನ್ನ ವರ್ಷದಿಂದ ವರ್ಷಕ್ಕೆ ನೋಡಬೇಕು. ದುಬಾರಿ ಆಗಿದ್ದು ನೆಲದಿಂದಲೋ, ನಿರ್ವಹಣೆಯಿಂದಲೋ ಅಂತ ಆಮೇಲೆ ಕೇಳಬೇಕು.

1983ರ ನಂತರ ಮಂತ್ರಿಯಾಗಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ ಅಬ್ದುಲ್ ನಜೀರ್ ಸಾಬ್ ಅವರನ್ನ ಜನ 'ನೀರ್ ಸಾಬ್' ಅಂದರು. 'ಬೋರ್ ಸಾಬ್' ಅನ್ನಲಿಲ್ಲ. ಕೊರೆದ ಗುಂಡಿ ಅಲ್ಲ, ಕೊಡಕ್ಕೆ ಬಿದ್ದ ನೀರು ಲೆಕ್ಕಕ್ಕೆ ಬರೋದು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು.

ಈ ಸಲ ಜಮಾಬಂದಿಗೆ ಹೋಗ್ರಿ. "ಎಷ್ಟು ಖರ್ಚಾಯ್ತು?" ಅಂದ ಮೇಲೆ ಇನ್ನೊಂದು ಮಾತು ಸೇರಿಸ್ರಿ: "ಎಷ್ಟು ದಿನ ನೀರು ಬಂತು?" ಮುಂದಿನ ಸಂಚಿಕೆಯಲ್ಲಿ ಸಿಗೋಣ.