ಮಳೆಯೂ ಮುಡಿಯೂ

ಜೂನ್ ಸಮೀಪಿಸಿತೆಂದರೆ ನಮ್ಮ ಕಂಕನಾಡಿಯ ಅಂಗಡಿಗಳ ಮುಂದೆ ಕೊಡೆಗಳೂ ಮಳೆಯಂಗಿಗಳೂ ತೂಗಾಡತೊಡಗುತ್ತವೆ. ಕುದುರೆಮುಖದ ಕಡೆಗೆ ಚಾರಣ ಹೊರಡುವ ತರುಣರು ನೀರು ಹೊಗದ ಚೀಲಗಳನ್ನು ಆರಿಸಿ ಕೊಳ್ಳುವುದೂ ಈಗ ವಾಡಿಕೆಯಾಗಿದೆ. ಇಂಥ ಚೀಲಗಳ ವಂಶಾವಳಿಯನ್ನು ಹೇಳುವವರು ಸಾಮಾನ್ಯವಾಗಿ 1823ಕ್ಕೆ ಹೋಗುತ್ತಾರೆ. ಆ ವರ್ಷ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷನು ಎರಡು ಪದರ ಬಟ್ಟೆಯ ನಡುವೆ ರಬ್ಬರನ್ನು ಲೇಪಿಸಿ, ನೀರು ತಡೆಯುವ ಬಟ್ಟೆಗೆ ಪೇಟೆಂಟ್ ಪಡೆದನು. ಹಾಗಾದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ತುಳುನಾಡು ಅಲ್ಲಿಯವರೆಗೆ ತೊಯ್ದುಕೊಂಡೇ ಕುಳಿತಿತ್ತೇ? ಇಲ್ಲ, ಇಲ್ಲಿ ಅಕ್ಕಿಯ ಮುಡಿಯಿತ್ತು.

ಮುಡಿಗೆ ಬೇಕಾದುದು ಬೈಹುಲ್ಲು ಮಾತ್ರ. ಹುಲ್ಲಿನ ಹಗ್ಗ ಹೊಸೆದು ಹಾಸಿ, ಅದರ ಮೇಲೆ ಹುಲ್ಲನ್ನು ದಟ್ಟವಾಗಿ ಹರಡಿ, ನಡುವೆ ಅಕ್ಕಿ ಸುರಿದು, ಅಂಚುಗಳನ್ನು ಮೇಲಕ್ಕೆ ಸೇರಿಸಿ ಬಿಗಿಯುತ್ತಿದ್ದರು. ಮರದ ತುಂಡಿನಿಂದ ಬಡಿಬಡಿದು ಗುಂಡಗೆ ಮಾಡಿ, ಮತ್ತೆ ಮತ್ತೆ ಹಗ್ಗ ಸುತ್ತುತ್ತಿದ್ದರು. ಹದಿನಾಲ್ಕು ಸೇರಿಗೆ ಒಂದು ಕಳಸೆ. ಮೂರು ಕಳಸೆಗೆ, ಅಂದರೆ 42 ಸೇರಿಗೆ, ಒಂದು ಮುಡಿ. ಕಟ್ಟುವ ಪೊಟ್ಟಣವೇ ಅಳೆಯುವ ಮಾನವೂ ಆಗಿತ್ತು.

ಇದರ ಗುಟ್ಟು ನೀರನ್ನು ತಡೆಯುವುದರಲ್ಲಿ ಮಾತ್ರ ಇರಲಿಲ್ಲ. ರಬ್ಬರಿನ ಚೀಲ ಹೊರಗಿನ ನೀರನ್ನು ಹೇಗೆ ಒಳಗೆ ಬಿಡುವುದಿಲ್ಲವೋ ಹಾಗೆಯೇ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಹಸಿ ಬಟ್ಟೆಯನ್ನು ಅದರೊಳಗಿಟ್ಟ ಚಾರಣಿಗನಿಗೆ ಇದು ಗೊತ್ತು. ಮುಡಿಯಾದರೋ ಉಸಿರಾಡುತ್ತಿತ್ತು. ಚೆನ್ನಾಗಿ ಒಣಗಿದ ಅಕ್ಕಿಯನ್ನು ಒಣಗಿದ ಹುಲ್ಲಿನಲ್ಲಿ ಕಟ್ಟಿ, ನೆಲ ತಾಗದಂತೆ, ಒಲೆಯ ಹೊಗೆಯಾಡುವ ಅಟ್ಟದಲ್ಲಿ ಇಟ್ಟರೆ ಮಳೆಗಾಲ ಕಳೆದರೂ ಅದು ಕೆಡುತ್ತಿರಲಿಲ್ಲ. ಮೊದಲು ಒಣಗಿಸು, ಆಮೇಲೆ ಕಟ್ಟು ಎಂಬುದೇ ನಮ್ಮ ಹಿರಿಯರ ಶಾಸ್ತ್ರ.

ಅಕ್ಕಿ ಈ ನಾಡಿನ ಸಂಪತ್ತು. 1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಮಂಗಳೂರಿನಿಂದ ಹೊರಹೋಗುವ ಸರಕುಗಳಲ್ಲಿ ಅಕ್ಕಿಯೇ ಮುಖ್ಯವೆಂದೂ ಅದು ಮಸ್ಕತ್, ಮುಂಬಯಿ, ಗೋವೆ, ಮಲಬಾರುಗಳಿಗೆ ಹೋಗುತ್ತದೆಂದೂ ಬರೆದಿದ್ದಾನೆ. ಆದರೆ ಆ ಅಕ್ಕಿ ಯಾರದು? ಗೇಣಿಯನ್ನು ಲೆಕ್ಕ ಹಾಕುತ್ತಿದ್ದುದೂ ಮುಡಿಯಲ್ಲಿಯೇ. ಗದ್ದೆಯಲ್ಲಿ ತಾಳೆಗರಿಯ ಗೊರಬೆಯನ್ನು ಬೆನ್ನಿಗೆ ಹೊದ್ದು ದಿನವಿಡೀ ನೆನೆಯುತ್ತ ನೆಟ್ಟವರು, ಕೊಯ್ಲಾದ ಮೇಲೆ ಹನಿ ನೀರು ತಾಗದಂತೆ ಮುಡಿ ಕಟ್ಟಿ ಧಣಿಯ ಮನೆಗೆ ಹೊರುತ್ತಿದ್ದರು. ಧಣಿಯ ಅಟ್ಟದಲ್ಲಿ ಮುಡಿಗಳು ಬೆಚ್ಚಗಿದ್ದ ಆಷಾಢದಲ್ಲಿ, ಕಟ್ಟಿದವರ ಮನೆಯ ಮಡಕೆ ಎಷ್ಟೋ ಸಲ ಬರಿದಾಗಿರುತ್ತಿತ್ತು.

ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಕಾಲ ಮುಗಿಯಿತು. ಗೋಣಿಯೂ ಪ್ಲಾಸ್ಟಿಕ್ ಚೀಲವೂ ಮುಡಿಯ ಸ್ಥಾನವನ್ನು ಹಿಡಿದವು. ಇಂದು ಮುಡಿ ಕಾಣಸಿಗುವುದು ಹೆಚ್ಚಾಗಿ ದೈವದ ಚಾವಡಿಗಳಲ್ಲಿ, ವಸ್ತುಪ್ರದರ್ಶನಗಳಲ್ಲಿ. ಅಳಿದುಹೋದ ಕುಶಲತೆಗಾಗಿ ಮರುಗುವುದು ಸಹಜವೇ, ನಾನೂ ಮರುಗುತ್ತೇನೆ. ಆದರೆ ಆ ಕೈಗಳನ್ನು ಹೊಗಳುವಾಗ, ಅವು ಕಾಪಾಡಿದ ಅಕ್ಕಿಯನ್ನು ಉಂಡವರು ಬೇರೆಯವರೆಂಬುದನ್ನೂ ಸೇರಿಸಿ ಹೇಳಬೇಕು.