ಅಲಗು ಉಳಿಯಿತು, ಗರಿ ಅಳಿಯಿತು: ಬಾಣ ನೆಟ್ಟಗೆ ಹಾರಲು ಕಲಿತ ಬಗೆ

ಬಾಣದ ಚರಿತ್ರೆ ಬರೆಯಹೊರಟವರಿಗೆ ನೆಲದಲ್ಲಿ ಸಿಗುವುದು ಬಹುಮಟ್ಟಿಗೆ ಅಲಗು ಮಾತ್ರ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ತೆರೆದ ಶಿಲಾಗೋರಿಗಳಲ್ಲೂ, 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಲ್ಲೂ ಕಬ್ಬಿಣದ ಅಲಗುಗಳು ಸಿಕ್ಕವು. ಅವನ್ನು ಹೊತ್ತಿದ್ದ ದಂಡ, ಹಿಂದೆ ಕಟ್ಟಿದ್ದ ಗರಿ ಎಲ್ಲ ಮಣ್ಣಾಗಿವೆ. ಬಾಣ ಓಲಾಡದೆ ಹಾರುವ ಗುಟ್ಟು ಹೆಚ್ಚಾಗಿ ಅಡಗಿದ್ದದ್ದು ಕೊಳೆತುಹೋದ ಈ ಭಾಗದಲ್ಲೇ.

ಹಾರುವ ಬಾಣದ ತೂಕದ ಕೇಂದ್ರ ಮುಂದಿರಬೇಕು, ಗಾಳಿಯ ಒತ್ತಡದ ಕೇಂದ್ರ ಹಿಂದಿರಬೇಕು. ಆಗ ಬಾಣ ಕೊಂಚ ಅಡ್ಡ ತಿರುಗಿದರೂ ಗರಿಗೆ ಗಾಳಿ ಬಡಿದು ಬಾಲವನ್ನು ಮತ್ತೆ ಸಾಲಿಗೆ ತಳ್ಳುತ್ತದೆ. ಗರಿ ದೊಡ್ಡದಾದಷ್ಟೂ ಬಾಣ ಬೇಗ ಸರಿಹೋಗುತ್ತದೆ, ಆದರೆ ವೇಗ ಕುಂದಿ ದೂರ ಕಡಿಮೆಯಾಗುತ್ತದೆ. ಒಂದು ಬಾಣಕ್ಕೆ ಹಕ್ಕಿಯ ಒಂದೇ ಪಕ್ಕದ ರೆಕ್ಕೆಯ ಗರಿಗಳನ್ನು ಕಟ್ಟುವುದಕ್ಕೂ ಕಾರಣವಿದೆ. ಎಲ್ಲದರ ಬಾಗು ಒಂದೇ ಕಡೆಗಿದ್ದರೆ ಬಾಣ ಸುತ್ತುತ್ತಾ ಸಾಗುತ್ತದೆ. ದಂಡದ ಸಣ್ಣ ಸೊಟ್ಟು ಅದನ್ನು ಒಂದೇ ಮಗ್ಗುಲಿಗೆ ಎಳೆಯಲಾರದು.

ನಮ್ಮ ಹಳಬರು ಇದನ್ನೆಲ್ಲ ಕೈಯಿಂದ ಅರಿತಿದ್ದರು. ವಾಸಿಷ್ಠ ಧನುರ್ವೇದ ಸಂಹಿತೆ ಬಾಣಗಳನ್ನು ಮೂರು ಬಗೆ ಮಾಡುತ್ತದೆ: ಮುಂಭಾಗ ದಪ್ಪಗಿದ್ದರೆ ಸ್ತ್ರೀ, ಹಿಂಭಾಗ ದಪ್ಪಗಿದ್ದರೆ ಪುರುಷ, ಉದ್ದಕ್ಕೂ ಸಮನಾಗಿದ್ದರೆ ನಪುಂಸಕ. ಮೊದಲನೆಯದು ದೂರಕ್ಕೆ, ಎರಡನೆಯದು ಗಟ್ಟಿ ಗುರಿಯನ್ನು ಭೇದಿಸಲು, ಮೂರನೆಯದು ಅಭ್ಯಾಸಕ್ಕೆ. ಗಂಟು ತುಂಬಿದ, ಮಾಗಿ ಬಿಳಿಚಿದ, ಹದವಾದ ಕಾಲದಲ್ಲಿ ಕೊಯ್ದ ಜೊಂಡೇ ಬೇಕು. ಬಾಣಕ್ಕೆ ಆರು ಅಂಗುಲದ ನಾಲ್ಕು ಗರಿ, ಕೊಂಬಿನ ಶಾರ್ಙ್ಗ ಬಿಲ್ಲಿನ ಬಾಣಕ್ಕಾದರೆ ಹತ್ತು ಅಂಗುಲದವು. ಪೂರ್ತಿ ಕಬ್ಬಿಣದ ನಾರಾಚಕ್ಕೆ ಐದು ಅಗಲ ಗರಿ. ಅದು ಕೆಲವರಿಗಷ್ಟೇ ಒಲಿಯುತ್ತದೆ ಎನ್ನುತ್ತದೆ ಗ್ರಂಥ. ಬಿಲ್ಲು ಬದಲಾದರೆ ಗರಿಯ ಅಳತೆಯೂ ಬದಲಾಗಬೇಕೆಂಬ ಮಾತು ಎಷ್ಟೋ ಬಾಣ ಬಿಟ್ಟು ನೋಡಿದವರಿಗಲ್ಲದೆ ಹೊಳೆಯುವಂಥದ್ದಲ್ಲ. ನಾನು ಇದನ್ನು ಪ್ರಯೋಗದ ದಾಖಲೆಯೆಂದೇ ಓದುತ್ತೇನೆ.

ತೆಲಂಗಾಣದ ಕೋಸಗಿಯ ಸೀಮೆ ಬಿಲ್ಲುಗಾರಿಕೆಯ ಎರಡು ಪರಂಪರೆಗಳ ನಡುವೆ ಇದೆ. ನೈಋತ್ಯಕ್ಕೆ ಸುರಪುರದ ಬೇಡರ ನಾಡು. ಅಲ್ಲಿ ಬಂದೂಕು ಬೇಗ ಬಂತು. 1705ರಲ್ಲಿ ಔರಂಗಜೇಬ್ ವಾಗಣಗೇರಿಗೆ ಮುತ್ತಿಗೆ ಹಾಕಿದಾಗಲೇ ಬೇಡರು ಗುರಿಕಾರ ಬಂದೂಕುಗಾರರೆಂದು ಹೆಸರಾಗಿದ್ದರು. ಆಗ್ನೇಯಕ್ಕೆ ನಲ್ಲಮಲೆಯ ಚೆಂಚು ಬುಡಕಟ್ಟಿನವರು. ಕೋಸಗಿ, ಮಕ್ತಲ್, ಗದ್ವಾಲ್‌ಗಳಂತೆ ಅವರು ನೆಲೆಸಿದ ಅಮ್ರಾಬಾದ್ ಕಾಡೂ ಹಿಂದೆ ಮಹಬೂಬ್‌ನಗರ ಜಿಲ್ಲೆಗೇ ಸೇರಿತ್ತು. ಬಿದಿರ ಬಿಲ್ಲು ಹಿಡಿದ ಈ ಜನರ ಬದುಕನ್ನು ಕ್ರಿಸ್ಟೋಫ್ ಫಾನ್ ಫ್ಯೂರರ್-ಹೈಮೆನ್‌ಡಾರ್ಫ್ 1943ರ ಪುಸ್ತಕದಲ್ಲಿ ಬಣ್ಣಿಸಿದರು.

ಗರಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದದ್ದು 1930ರ ದಶಕದಲ್ಲಿ. ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದಾಗ, ಹೆದೆ ಬಿಟ್ಟ ಬಾಣ ಬಳುಕಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುವುದು ಕಂಡಿತು. ದಂಡ ಅತಿ ಬಿರುಸಾದರೂ ಅತಿ ಮೆದುವಾದರೂ ಬಾಣ ಪಕ್ಕಕ್ಕೆ ಸರಿಯುತ್ತದೆ. ಬಿಲ್ಲಿನ ಬಲಕ್ಕೆ ಹೊಂದುವ ಬಳುಕು ಬೇಕು. ಬಿದಿರಿನಲ್ಲಾಗಲಿ ಜೊಂಡಿನಲ್ಲಾಗಲಿ ಒಂದರಂತೆ ಇನ್ನೊಂದು ಬಳುಕದು. ಆರಿಸುವ ಕೈಗೆ ಬೆಲೆ ಬಂದದ್ದು ಅದರಿಂದಲೇ. ಈಸ್ಟನ್ ಕಂಪನಿ 1939ರಲ್ಲಿ ತಂದ ಅಲ್ಯೂಮಿನಿಯಂ ದಂಡ ಈ ತೊಡಕನ್ನು ಬಹುಪಾಲು ನೀಗಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ನಡು ದಪ್ಪ, ತುದಿ ಸಪೂರವಾದ ಕಾರ್ಬನ್ ಹೊದಿಕೆಯ ಬಾಣಗಳು ಬಂದವು. ಪ್ಲಾಸ್ಟಿಕ್ ಗರಿಯೂ ಬಂತು. ಆದರೆ ಸಾದಾ ಮರದ ಬಿಲ್ಲಿನವರು ಹಕ್ಕಿಯ ಗರಿಯನ್ನು ಬಿಡಲಿಲ್ಲ: ಬಿಲ್ಲಿಗೆ ತಾಗಿದರೆ ಅದು ಮಡಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಗರಿ ಬಾಣವನ್ನೇ ಒದೆಯುತ್ತದೆ.

ಭಾರತದ ಸ್ಪರ್ಧೆಗಳಲ್ಲಿ 30 ಮತ್ತು 50 ಮೀಟರಿನ ‘ಇಂಡಿಯನ್ ರೌಂಡ್’ ಬಿದಿರ ಬಿಲ್ಲನ್ನು ಇನ್ನೂ ಕಣದಲ್ಲಿ ಉಳಿಸಿದೆ. ಆ ಬಾಣಗಳನ್ನೂ ಚೆಂಚುಗಳು ಮಾಡುವ ಬಾಣಗಳನ್ನೂ ಅಳೆದು ದಾಖಲಿಸುವುದು ಈಗಲೇ ಆಗಬೇಕಾದ ಕೆಲಸ. ದೊಡ್ಡ ಪ್ರಯೋಗಾಲಯವೇನೂ ಬೇಡ. ದಂಡವನ್ನು 28 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ 880 ಗ್ರಾಂ ತೂಗುಹಾಕಿ, ಎಷ್ಟು ಬಾಗಿತೆಂದು ನೋಡಿದರೆ ಬಳುಕಿನ ಅಳತೆ ಸಿಗುತ್ತದೆ. ಬೆರಳ ಮೇಲೆ ತೂಗಿಸಿದರೆ ತೂಕದ ಕೇಂದ್ರವೂ ತಿಳಿಯುತ್ತದೆ.