ಅರಬಿ ಲಿಪಿಗೆ ಚುಕ್ಕೆ ಬಂದ ಚರಿತ್ರೆ



ಮದ್ರಸದಲ್ಲಿ ಕಲಿತ ನಿಮ್ಮೆಲ್ಲರಿಗೂ ಇದು ಗೊತ್ತಿರುವ ವಿಷಯ. 'ಐನ್' ಹೇಳಬೇಕಾದಲ್ಲಿ 'ಅಲಿಫ್' ಹೇಳಿದರೆ ಉಸ್ತಾದರು ಅಲ್ಲೇ ತಡೆದು ಮತ್ತೆ ಹೇಳಿಸುತ್ತಾರೆ. ಒಂದು ಅಕ್ಷರಕ್ಕಾಗಿ ಇಷ್ಟೊಂದು ಪಟ್ಟು ಏಕೆ ಎಂದು ನೀವು ಕೇಳಿರಲೂಬಹುದು. ಆ ಪಟ್ಟಿನ ಹಿಂದೆ ಹಲವು ತಲೆಮಾರುಗಳ ವಿದ್ವಾಂಸರ ದುಡಿಮೆಯಿದೆ. ಇಂದು ಕಾಲೇಜುಗಳಲ್ಲಿ 'ಭಾಷಾವಿಜ್ಞಾನ' ಎಂಬ ಹೆಸರಿನಲ್ಲಿ ಕಲಿಸುವ ಲಿಪಿ, ಧ್ವನಿ ಮತ್ತು ಪದರಚನೆಯ ಮೊದಲ ಪಾಠಗಳನ್ನು ಈ ಚರಿತ್ರೆಯ ಮೂಲಕವೇ ತಿಳಿದುಕೊಳ್ಳಬಹುದು.

ಚುಕ್ಕೆಯಿಲ್ಲದ ಬರಹ

ಕನ್ನಡದ 'ಕ' ಅಕ್ಷರದೊಳಗೆ 'ಅ' ಸ್ವರ ಸೇರಿಕೊಂಡೇ ಇದೆ. ಗುಡಿಸು ಕೊಟ್ಟರೆ 'ಕಿ', ಕೊಂಬು ಕೊಟ್ಟರೆ 'ಕು'. ಅರಬಿ ಬರಹದ ಕ್ರಮ ಬೇರೆ. ಅಲ್ಲಿ ವ್ಯಂಜನಗಳಿಗೂ ದೀರ್ಘ ಸ್ವರಗಳಿಗೂ ಅಕ್ಷರಗಳಿವೆ. ಹ್ರಸ್ವ ಸ್ವರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಹೀಗಾಗಿ ಕಾಫ್, ತಾ, ಬಾ ಎಂಬ ಮೂರಕ್ಷರ ಬರೆದರೆ ಅದನ್ನು 'ಕತಬ' (ಅವನು ಬರೆದನು), 'ಕುತಿಬ' (ಬರೆಯಲ್ಪಟ್ಟಿತು) ಅಥವಾ 'ಕುತುಬ್' (ಪುಸ್ತಕಗಳು) ಎಂದು ಓದಬಹುದು.

ಖಲೀಫಾ ಉಸ್ಮಾನ್(ರ)ರ ಆಡಳಿತದಲ್ಲಿ (ಕ್ರಿ.ಶ. 644-656) ಕುರ್‌ಆನಿನ ಪ್ರತಿಗಳನ್ನು ಸಿದ್ಧಪಡಿಸಿ ಪ್ರಮುಖ ನಗರಗಳಿಗೆ ಕಳುಹಿಸಿದಾಗ ಅವುಗಳಲ್ಲಿ ಸ್ವರಚಿಹ್ನೆಗಳು ಇರಲಿಲ್ಲ. ಬಾ, ತಾ, ಸಾ ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕೆಗಳ ಬಳಕೆಯೂ ಆಗ ವಿರಳ. ಈಜಿಪ್ಟಿನಲ್ಲಿ ದೊರೆತ, ಈಗ ವಿಯೆನ್ನಾದಲ್ಲಿರುವ ಹಿ.ಶ. 22ರ (ಕ್ರಿ.ಶ. 643) ಒಂದು ಪಪೈರಸ್ ರಸೀದಿಯಲ್ಲಿ ಕೆಲವು ಅಕ್ಷರಗಳಿಗೆ ಚುಕ್ಕೆ ಇಟ್ಟಿರುವುದು ಕಾಣುತ್ತದೆ. ಅಂದರೆ ಚುಕ್ಕೆ ಇಡುವುದು ಗೊತ್ತಿತ್ತು, ಆದರೆ ಅದು ನಿಯಮವಾಗಿರಲಿಲ್ಲ. ಅರಬರಿಗೆ ಇದರಿಂದ ತೊಂದರೆ ಇರಲಿಲ್ಲ. ಕುರ್‌ಆನ್ ಅವರ ಎದೆಯಲ್ಲಿತ್ತು. ಬರಹ ನೆನಪಿಗೆ ಆಸರೆ ಮಾತ್ರ.

ಅಬುಲ್ ಅಸ್ವದರ ಉಪಾಯ

ಇಸ್ಲಾಮ್ ಇರಾಕ್ ಮತ್ತು ಇರಾನ್‌ಗಳಿಗೆ ಹಬ್ಬಿದಾಗ ಪರಿಸ್ಥಿತಿ ಬದಲಾಯಿತು. ಬಸ್ರಾ ನಗರದಲ್ಲಿ ಅರಬಿಯನ್ನು ಹೊಸದಾಗಿ ಕಲಿಯುವವರ ಸಂಖ್ಯೆ ಹೆಚ್ಚಿತು. ಅಲ್ಲಿದ್ದ ಅಬುಲ್ ಅಸ್ವದ್ ಅದ್ದುಅಲಿಯವರು (ನಿಧನ ಹಿ.ಶ. 69) ಒಬ್ಬ ವ್ಯಕ್ತಿ ತೌಬಾ ಅಧ್ಯಾಯದ ಒಂದು ವಚನವನ್ನು ಓದುವಾಗ ಕೊನೆಯ 'ಉ' ಸ್ವರದ ಬದಲು 'ಇ' ಸ್ವರ ಹೇಳಿದ್ದನ್ನು ಕೇಳಿ ಗಾಬರಿಗೊಂಡರೆಂದು ಪರಂಪರೆ ಹೇಳುತ್ತದೆ. ಬಹುದೇವಾರಾಧಕರ ಹೊಣೆಯಿಂದ ಅಲ್ಲಾಹನೂ ಅವನ ಸಂದೇಶವಾಹಕರೂ ಮುಕ್ತರು ಎಂಬ ಅರ್ಥವು ಆ ಒಂದು ಸ್ವರದಿಂದ ತಲೆಕೆಳಗಾಗಿತ್ತು.

ಅವರು ಒಬ್ಬ ಲಿಪಿಕಾರನನ್ನು ಎದುರಿಗೆ ಕೂರಿಸಿಕೊಂಡರಂತೆ. ತಾನು ಓದುವಾಗ ಬಾಯಿ ತೆರೆದರೆ ಅಕ್ಷರದ ಮೇಲೆ, ತುಟಿ ಕೂಡಿಸಿದರೆ ಮುಂದೆ, ಬಾಯಿ ಕೆಳಗಿಳಿದರೆ ಕೆಳಗೆ, ಬೇರೆ ಬಣ್ಣದ ಶಾಯಿಯಲ್ಲಿ ಒಂದು ಚುಕ್ಕೆ ಇಡುವಂತೆ ಹೇಳಿದರು. ಇಂದಿಗೂ 'ಫತ್‌ಹ' ಎಂದರೆ ತೆರೆಯುವುದು, 'ದಮ್ಮ' ಎಂದರೆ ಕೂಡಿಸುವುದು ಎಂದೇ ಅರ್ಥ. ಉರ್ದು ಓದುವವರು ಇವನ್ನು ಜಬರ್, ಪೇಶ್ ಎನ್ನುತ್ತಾರೆ. ಬಾಯಿಯ ಚಲನೆಯೇ ಚಿಹ್ನೆಯ ಹೆಸರಾಯಿತು ನೋಡಿ! ಧ್ವನಿವಿಜ್ಞಾನದ ಮೊದಲ ಪಾಠವೂ ಇದೇ: ಧ್ವನಿಯನ್ನು ತಿಳಿಯಬೇಕಾದರೆ ಬಾಯಿಯನ್ನು ನೋಡಬೇಕು.

ಬಾ, ತಾ, ಸಾಗಳಂತಹ ಒಂದೇ ಆಕಾರದ ಅಕ್ಷರಗಳಿಗೆ ಚುಕ್ಕೆಗಳನ್ನು ವ್ಯವಸ್ಥೆಗೊಳಿಸಿದ ಕೀರ್ತಿಯನ್ನು ಅವರ ನಂತರದ ನಸ್ರ್ ಇಬ್ನ್ ಆಸಿಮ್ ಮತ್ತು ಯಹ್ಯಾ ಇಬ್ನ್ ಯಅಮರ್‌ರಿಗೆ ಕೊಡಲಾಗುತ್ತದೆ.

ಗಂಟಲಿನಿಂದ ತುಟಿಯವರೆಗೆ

ಸ್ವರಕ್ಕೂ ಚುಕ್ಕೆ, ಅಕ್ಷರಕ್ಕೂ ಚುಕ್ಕೆಯಾದರೆ ಗೊಂದಲವಲ್ಲವೇ? ಇದಕ್ಕೆ ಪರಿಹಾರ ಕೊಟ್ಟವರು ಒಮಾನ್ ಮೂಲದ, ಬಸ್ರಾದಲ್ಲಿ ನೆಲೆಸಿದ ಖಲೀಲ್ ಇಬ್ನ್ ಅಹ್ಮದ್. ಅವರು ಎಂಟನೆಯ ಶತಮಾನದವರು. ಸ್ವರಕ್ಕೆ ಚುಕ್ಕೆಯ ಬದಲು ಪುಟ್ಟ ಗೆರೆಗಳನ್ನೂ ಪುಟ್ಟ 'ವಾವ್' ಆಕಾರವನ್ನೂ ತಂದವರು ಅವರೇ ಎಂದು ಪ್ರಸಿದ್ಧಿ. ನಾವು ಇಂದು ಕುರ್‌ಆನಿನಲ್ಲಿ ಕಾಣುವುದು ಆ ಚಿಹ್ನೆಗಳನ್ನೇ.

ಅವರ 'ಕಿತಾಬುಲ್ ಐನ್' ಅರಬಿಯ ಮೊದಲ ನಿಘಂಟು. ಅದು ಅಲಿಫ್‌ನಿಂದ ಆರಂಭವಾಗುವುದಿಲ್ಲ. ಗಂಟಲಿನ ಆಳದಿಂದ ಬರುವ 'ಐನ್'ನಿಂದ ಶುರುವಾಗಿ ತುಟಿಯ ಅಕ್ಷರಗಳ ಕಡೆಗೆ ಸಾಗುತ್ತದೆ. ನಮ್ಮ ಕನ್ನಡ ವರ್ಣಮಾಲೆಯನ್ನು ನೆನಪಿಸಿಕೊಳ್ಳಿ. ಕ-ವರ್ಗ ಬಾಯಿಯ ಹಿಂಭಾಗದಲ್ಲಿ, ಪ-ವರ್ಗ ತುಟಿಯಲ್ಲಿ! ಸಂಸ್ಕೃತ ವೈಯಾಕರಣರು ಕಂಡುಕೊಂಡ ಕ್ರಮವೂ ಹೀಗೆಯೇ ಬಾಯಿಯೊಳಗಿನಿಂದ ಹೊರಗೆ ಬರುತ್ತದೆ.

ಖಲೀಲರ ಶಿಷ್ಯ ಸೀಬವೈಹಿ ಇರಾನಿನವರು, ಪಾರ್ಸಿ ಮನೆತನದವರು. ಆದರೂ ಅರಬಿಯ ಮೊದಲ ಸಮಗ್ರ ವ್ಯಾಕರಣ ಬರೆದವರು ಅವರೇ. ಅದರ ಹೆಸರು 'ಅಲ್ ಕಿತಾಬ್'. ಅದರ ಕೊನೆಯ ಭಾಗದಲ್ಲಿ ಅವರು ಧ್ವನಿಗಳು ಹುಟ್ಟುವ 16 ಸ್ಥಾನಗಳನ್ನು ವಿವರಿಸಿದ್ದಾರೆ. ನೀವು ತಜ್‌ವೀದ್ ತರಗತಿಯಲ್ಲಿ ಕಲಿಯುವ 'ಮಖಾರಿಜ್' ಇದೇ.

ಸ್ಥಾನ ತಪ್ಪಿದರೆ ಏನಾಗುತ್ತದೆ? ಕಿರುನಾಲಿಗೆಯ ಬಳಿ ಹುಟ್ಟುವ 'ಖಾಫ್'ನಿಂದ ಹೇಳಿದರೆ ಹೃದಯ ಎಂಬ ಅರ್ಥದ ಪದ, ಸಾಮಾನ್ಯ 'ಕಾಫ್'ನಿಂದ ಹೇಳಿದರೆ ನಾಯಿ. ಕನ್ನಡದಲ್ಲಿ 'ಹಳ್ಳಿ'ಯನ್ನು 'ಹಲ್ಲಿ' ಎಂದಂತೆ. ಹೀಗೆ ಅರ್ಥವನ್ನು ಬದಲಿಸುವ ಧ್ವನಿಯನ್ನು ಭಾಷಾವಿಜ್ಞಾನದಲ್ಲಿ 'ಧ್ವನಿಮಾ' ಎಂದು ಕರೆಯುತ್ತಾರೆ.

ಮೂರಕ್ಷರದ ಬೇರು

ಪದರಚನೆಯಲ್ಲೂ ಎರಡು ಭಾಷೆಗಳ ದಾರಿ ಬೇರೆ. ಕನ್ನಡ ಪದದ ಕೊನೆಗೆ ಪ್ರತ್ಯಯ ಸೇರಿಸುತ್ತಾ ಹೋಗುತ್ತದೆ: ಓದು, ಓದಿಸು, ಓದಿಸಿದರು. ಅರಬಿಯಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರು ಸ್ಥಿರವಾಗಿದ್ದು, ನಡುವಿನ ಸ್ವರಗಳೂ ಹಿಂದುಮುಂದಿನ ಅಕ್ಷರಗಳೂ ಬದಲಾಗುತ್ತವೆ. ಐನ್, ಲಾಮ್, ಮೀಮ್ ಎಂಬ ಬೇರಿನಿಂದ ಇಲ್ಮ್, ಆಲಿಮ್, ಉಲಮಾ, ಮುಅಲ್ಲಿಮ್, ತಅಲೀಮ್ ಎಲ್ಲವೂ ಹುಟ್ಟಿವೆ.

ಈ ಬೇರುಗಳು ನಮ್ಮ ತಾಲೂಕು ಕಚೇರಿಗೂ ತಲುಪಿವೆ. ಬಹಮನಿ ಮತ್ತು ಬಿಜಾಪುರದ ಆಡಳಿತ ಕಾಲದಿಂದ ಪಾರ್ಸಿಯ ಮೂಲಕ ಅನೇಕ ಅರಬಿ ಪದಗಳು ಕನ್ನಡಕ್ಕೆ ಬಂದವು. 'ತಹಸೀಲ್ದಾರ'ರ ತಹಸೀಲೂ ಅವರ ಕಚೇರಿಯ 'ಮಹಸೂಲ'ವೂ ಒಂದೇ ಬೇರಿನ ಮಕ್ಕಳು. 'ದಾರ' ಮಾತ್ರ ಪಾರ್ಸಿ. 'ಅರ್ಜಿ' ಎಂಬ ಪದದಲ್ಲಿ ಮೂಲದ 'ಐನ್' ಬಿದ್ದುಹೋಗಿದೆ, 'ದಾದ್' ಅಕ್ಷರ 'ಜ' ಆಗಿದೆ. ಇದನ್ನು ತಪ್ಪೆನ್ನಲಾಗದು. ಬಂದ ಪದ ಉಳಿದುಕೊಂಡ ಮನೆಯ ಧ್ವನಿಗೆ ಹೊಂದಿಕೊಳ್ಳುವುದು ಎಲ್ಲ ಭಾಷೆಗಳಲ್ಲೂ ನಡೆಯುತ್ತದೆ. ಈಗ 'ಅರ್ಜಿ' ಅಚ್ಚ ಕನ್ನಡ ವ್ಯವಹಾರದ ಪದ.

ನಮ್ಮ ಮನೆಮಾತಿನ ಹೊಣೆ

ಇನ್ನು ನಮ್ಮ ಸ್ಥಿತಿಯನ್ನು ನೋಡೋಣ. ಕರಾವಳಿಯ ಬ್ಯಾರಿ ಭಾಷೆಯನ್ನು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಭಟ್ಕಳದ ನವಾಯತಿಗೆ ಉರ್ದುವಿನಂತಹ ಲಿಪಿ ಬಳಕೆಯಲ್ಲಿದೆ. ದಖ್ಖನಿ ಮಾತನಾಡುವ ಅಸಂಖ್ಯ ಮನೆಗಳಲ್ಲಿ ಅದು ಬಾಯಿಯಲ್ಲಷ್ಟೇ ಉಳಿದಿದೆ. ನಮ್ಮ ಕನ್ನಡ ಪತ್ರಿಕೆಗಳಲ್ಲಿ 'ನಮಾಝ್', 'ಝಕಾತ್', 'ರಮಝಾನ್' ಎಂದು ಬರೆಯುವ ರೂಢಿಯೂ ಇಲ್ಲದ ಧ್ವನಿಗೆ ಗುರುತು ಹುಡುಕುವ ಪ್ರಯತ್ನವೇ. ಗುರುತಿಲ್ಲದ ಧ್ವನಿ ಅದನ್ನು ಆಡುವ ಬಾಯಿ ಇರುವವರೆಗೆ ಮಾತ್ರ ಉಳಿಯುತ್ತದೆ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಅಜ್ಜ ಅಜ್ಜಿಯರ ಬಳಿ ಕುಳಿತುಕೊಳ್ಳಿ. ಅಡುಗೆ, ಬೇಸಾಯ, ಮೀನುಗಾರಿಕೆ, ಮದುವೆ, ಕಾಯಿಲೆಗಳಿಗೆ ಸಂಬಂಧಿಸಿದ ನೂರು ಪದಗಳನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ. ಕನ್ನಡ ಅಕ್ಷರಕ್ಕೆ ಸಿಗದ ಧ್ವನಿ ಬಂದರೆ ಅವರ ಬಾಯಿಯನ್ನು ಗಮನಿಸಿ, ಅಲ್ಲಿ ನಿಮ್ಮದೇ ಒಂದು ಚುಕ್ಕೆ ಇಡಿ. ಬಸ್ರಾದ ಆ ಲಿಪಿಕಾರನ ಹೆಸರು ಚರಿತ್ರೆಯಲ್ಲಿ ಪ್ರಸಿದ್ಧವಾಗಲಿಲ್ಲ. ಆದರೆ ಅಂದು ಶುರುವಾದ ಕೆಲಸದಿಂದಾಗಿ, ಅರಬಿ ಮನೆಮಾತಲ್ಲದ ನಾವೂ ಇಂದು ಕುರ್‌ಆನನ್ನು ಸರಿಯಾಗಿ ಓದುತ್ತಿದ್ದೇವೆ.